ದಾಕ್ಷಿಣ್ಯದ ಓಟು

ಆ ಓಟನ್ನು ನಾನು ಹಾಕಿದ್ದು ಮೆಟ್ರೋದಲ್ಲಿ ನಿಂತುಕೊಂಡು. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಫೋನು, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು. ಎಂಟು ತಂಡಗಳ ಹೆಸರನ್ನು ಮೇಲಿಂದ ಕೆಳಗೆ ಜೋಡಿಸುವುದಕ್ಕೆ ಎರಡು ಸ್ಟೇಷನ್ನುಗಳ ನಡುವಿನ ಹೊತ್ತು ಸಾಕಾಯಿತು. ಅಷ್ಟರಲ್ಲೇ ಒಬ್ಬಳ ಆಸೆಯನ್ನು ನನ್ನ ಕೈಯಾರೆ ಹಾಳು ಮಾಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಬೇರೆಯವರನ್ನು ಚೆನ್ನಾಗಿ ಬೈಯುವವಳಿದ್ದೇನೆ. ಬೈಯುವುದರಲ್ಲಿ ನಾನು ಚಿಕ್ಕಂದಿನಿಂದಲೂ ಜೋರು.

ವಿಷಯ ಥ್ರೋಬಾಲಿನದು. ಹೈಸ್ಕೂಲಿನಲ್ಲಿ ಹುಡುಗರಿಗೆ ವಾಲಿಬಾಲ್, ನಮಗೆ ಥ್ರೋಬಾಲ್ ಎಂದು ಮೇಷ್ಟ್ರು ಯಾವತ್ತೋ ಭಾಗ ಮಾಡಿ ಕೊಟ್ಟಿದ್ದರಲ್ಲ, ಅದೇ ಆಟ. ಚೆಂಡನ್ನು ಎರಡು ಕೈಯಲ್ಲಿ ಹಿಡಿಯಬೇಕು, ಮೂರು ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ನೆಟ್ಟಿನ ಆಚೆಗೆ ಎಸೆಯಬೇಕು. ಆಮ್ಸ್ಟರ್‌ಡ್ಯಾಮ್ ಸುತ್ತಮುತ್ತಲಿನ ಕನ್ನಡದ ಹೆಂಗಸರು ಸೇರಿಕೊಂಡು ಎಂಟು ತಂಡ ಕಟ್ಟಿದ್ದೆವು. ಬಾಡ್‌ಹೂವೆಡಾರ್ಪ್‌ನದೊಂದು, ಜೌಡ್ಆಸ್‌ನ ಆಫೀಸುಗಳಲ್ಲಿ ಕೆಲಸ ಮಾಡುವವರದೊಂದು, ಓದಲು ಬಂದ ಹುಡುಗಿಯರದೊಂದು, ಡೀಮೆನ್‌ನ ಫ್ಲ್ಯಾಟುಗಳಲ್ಲಿ ಇರುವ ನಮ್ಮದೊಂದು, ಇನ್ನೂ ನಾಲ್ಕು. ನಮ್ಮದು ಹೊಸ ತಂಡ. ಅದರಲ್ಲಿ ಅರ್ಧ ಜನ ಗಂಡನ ಪರ್ಮಿಟ್ಟಿನ ಮೇಲೆ ಬಂದವರು, ಮನೆಯಲ್ಲಿರುವವರು. ಕೆಲಸಕ್ಕೆ ಹೋಗುವವರಲ್ಲಿ ನಾನೊಬ್ಬಳು.

ತೊಂದರೆ ಏನೆಂದರೆ ಆಡಲು ಜಾಗ ಇಲ್ಲ. ಚಳಿಗಾಲದಲ್ಲಿ ಹೊರಗೆ ಆಡುವ ಮಾತೇ ಇಲ್ಲ. ಒಳಾಂಗಣದ ಸ್ಪೋರ್ಟ್‌ಹಾಲನ್ನು ಖೆಮೆಂಟೆಯಿಂದ, ಅಂದರೆ ಇಲ್ಲಿನ ಪುರಸಭೆಯಿಂದ ಕೇಳಿ ಪಡೆಯಬೇಕು. ಅವರ ಕ್ಲಬ್ಬುಗಳೆಲ್ಲ ವರ್ಷದ ಮೊದಲೇ ಒಳ್ಳೆಯ ಹೊತ್ತನ್ನೆಲ್ಲ ಹಂಚಿಕೊಂಡು, ಉಳಿದ ಚೂರುಪಾರು ನಮಗೆ ಬಂದಿತ್ತು. ತಿಂಗಳಿಗೆ ಎರಡು ಭಾನುವಾರ, ಎರಡೆರಡು ಗಂಟೆ. ಎಂಟು ತಂಡ ಒಬ್ಬರಿಗೊಬ್ಬರು ಆಡಬೇಕೆಂದರೆ ಇಪ್ಪತ್ತೆಂಟು ಪಂದ್ಯ ಬೇಕು. ಜನವರಿಯಿಂದ ಏಪ್ರಿಲ್‌ವರೆಗೆ ನಮಗೆ ದಕ್ಕಿದ್ದು ಹದಿನಾರು. ಅಂದರೆ ಒಂದೊಂದು ತಂಡಕ್ಕೆ ನಾಲ್ಕೇ ಪಂದ್ಯ. ಮೇ ತಿಂಗಳಲ್ಲಿ ಒಂದು ಫೈನಲ್ಲು. ಆ ಫೈನಲ್ಲಿಗೆ ಯಾವ ಎರಡು ತಂಡ?

ಇದಕ್ಕೆ ಉಪಾಯ ಹೇಳಿದವರು ಅಮೆರಿಕದಲ್ಲಿ ಓದಿ, ಅಲ್ಲೇ ಕೆಲವು ವರ್ಷ ಇದ್ದು, ಆಮೇಲೆ ಇಲ್ಲಿಗೆ ಬಂದ ಒಬ್ಬ ಮಹನೀಯರು. ಬಾಡ್‌ಹೂವೆಡಾರ್ಪ್ ತಂಡದ ಒಬ್ಬಾಕೆಯ ಗಂಡ. ಹಾಲಿನ ಕ್ಯಾಂಟೀನಿನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತಿದ್ದಾಗ ಎದ್ದು ನಿಂತರು.

"ಅಲ್ಲಿ ಕಾಲೇಜ್ ಫುಟ್‌ಬಾಲ್ ಅಂದ್ರೆ ಏನಂದ್ಕೊಂಡಿದೀರಾ? ನೂರಕ್ಕಿಂತ ಜಾಸ್ತಿ ಟೀಮು. ಒಂದೊಂದು ಟೀಮ್ ಆಡೋದು ಹನ್ನೆರಡೋ ಹದಿಮೂರೋ ಮ್ಯಾಚು. ಎಲ್ಲರ ಜೊತೆ ಎಲ್ಲರೂ ಆಡಕ್ಕಾಗುತ್ತಾ? ಅದಕ್ಕೆ ಸ್ಪೋರ್ಟ್ಸ್ ಬರೆಯೋ ಜರ್ನಲಿಸ್ಟ್‌ಗಳು ವಾರವಾರ ಓಟ್ ಹಾಕ್ತಾರೆ. ಒಬ್ಬೊಬ್ರೂ ಅವರ ಪ್ರಕಾರ ಟಾಪ್ ಇಪ್ಪತ್ತೈದು ಟೀಮ್ ಬರೀತಾರೆ. ಫಸ್ಟ್ ಇರೋದಕ್ಕೆ ಇಪ್ಪತ್ತೈದು ಪಾಯಿಂಟು, ಸೆಕೆಂಡಿಗೆ ಇಪ್ಪತ್ನಾಲ್ಕು, ಹಾಗೇ ಇಳೀತಾ ಕೊನೇದಕ್ಕೆ ಒಂದು. ಎಲ್ಲರದ್ದೂ ಕೂಡಿಸಿದ್ರೆ ರ‍್ಯಾಂಕಿಂಗ್ ಬಂತು. ಅಷ್ಟೇ."

ನನಗೆ ಸುಮ್ಮನಿರಲು ಬರುವುದಿಲ್ಲ. "ಅವರೆಲ್ಲ ಎಲ್ಲಾ ಮ್ಯಾಚೂ ನೋಡ್ತಾರಾ ಸಾರ್?" ಎಂದೆ.

"ಎಲ್ಲಿ ನೋಡಕ್ಕಾಗುತ್ತೆ? ಒಂದೇ ಶನಿವಾರ ಹತ್ತಾರು ಮ್ಯಾಚ್ ಇರುತ್ತೆ. ಸ್ಕೋರ್ ನೋಡ್ತಾರೆ, ಹೋದ ವಾರದ ಲಿಸ್ಟ್ ನೋಡ್ತಾರೆ. ಅವರಿಗೆ ಒಂದು ಅಂದಾಜಿರುತ್ತೆ. ಸೀಸನ್ ಶುರುವಾಗೋಕ್ ಮುಂಚೇನೇ ಒಂದು ಲಿಸ್ಟ್ ಬಂದಿರುತ್ತೆ ಗೊತ್ತಾ?"

ಆಟ ಶುರುವಾಗುವ ಮುಂಚೆಯೇ ಯಾರು ಮೊದಲು ಎಂದು ಬರೆದಿಟ್ಟುಕೊಳ್ಳುವುದು! ಹುಡುಗಿ ನೋಡುವ ಮೊದಲೇ ಮದುವೆ ಊಟದ ಎಲೆ ಹಾಕಿದ ಹಾಗೆ. ಅದನ್ನು ನಾನು ಬಾಯಿಬಿಟ್ಟು ಹೇಳಿದೆ ಕೂಡ. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಒಪ್ಪಿಕೊಂಡರು. ಜರ್ನಲಿಸ್ಟುಗಳು ನಮ್ಮಲ್ಲಿ ಎಲ್ಲಿಂದ ಬರಬೇಕು? ಪ್ರತಿ ಪಂದ್ಯದ ಬಗ್ಗೆ ವಾಟ್ಸಾಪ್ ಗ್ರೂಪಿಗೆ ನಾಲ್ಕು ಸಾಲು ಬರೆದು ಹಾಕಲು ಪ್ರತಿ ತಂಡದಲ್ಲೂ ಒಬ್ಬಳಿದ್ದಳು. ಆ ಎಂಟು ಜನರೇ ವರದಿಗಾರರು, ಅವರಿಗೇ ಓಟು. ಮೊದಲ ಸ್ಥಾನಕ್ಕೆ ಎಂಟು ಪಾಯಿಂಟು, ಕೊನೆಯದಕ್ಕೆ ಒಂದು. ಡೀಮೆನ್ ತಂಡದಲ್ಲಿ ಬರೆಯುವವಳು ನಾನು. ಮೈಸೂರಿನ ಕಾಲೇಜಿನಲ್ಲಿ ಗೋಡೆ ಪತ್ರಿಕೆ ನಡೆಸಿದ್ದೆ, ಆ ಒಂದು ಅರ್ಹತೆ.

"ಇನ್ನೊಂದ್ ವಿಷ್ಯ," ಎಂದರು ಅವರು. "ಕೊನೇ ಪೋಲ್ ಆದ್ಮೇಲೆ ಯಾರು ಯಾರನ್ನ ಎಲ್ಲಿಟ್ಟಿದಾರೆ ಅಂತ ಪೂರ್ತಿ ಶೀಟ್ ಗ್ರೂಪಿಗೆ ಹಾಕ್ತೀನಿ. ಅಲ್ಲೂ ಪಬ್ಲಿಷ್ ಮಾಡ್ತಾರೆ. ಟ್ರಾನ್ಸ್‌ಪರೆಂಟ್ ಆಗಿರ್ಬೇಕು." ಆ ಹೊತ್ತಿಗೆ ನನ್ನ ಆರು ವರ್ಷದ ಮಗ ಬಿಸಿ ಚಾಕೊಲೇಟನ್ನು ಪ್ಯಾಂಟಿನ ಮೇಲೆ ಚೆಲ್ಲಿಕೊಂಡಿದ್ದ. ನಾನು ಒರೆಸುತ್ತ ಹೂಂಗುಟ್ಟಿದೆ, ಹೂಂಗುಟ್ಟಿ ಮರೆತೆ.

ಈಗ ನಮ್ಮ ತಂಡದ ಅವಳ ಬಗ್ಗೆ ಹೇಳಬೇಕು. ಕಲಬುರಗಿಯವಳು, ನನಗಿಂತ ಐದು ವರ್ಷ ಚಿಕ್ಕವಳು, ನಮ್ಮ ಕಟ್ಟಡದಲ್ಲೇ ಎರಡು ಮಹಡಿ ಕೆಳಗೆ ಮನೆ. ಕಾಲೇಜಿನಲ್ಲಿದ್ದಾಗ ಯೂನಿವರ್ಸಿಟಿ ತಂಡಕ್ಕೆ ಆಡಿದವಳು. ಮದುವೆಯಾಯಿತು, ಮಗಳು ಹುಟ್ಟಿದಳು, ಚೆಂಡು ಮುಟ್ಟದೆ ಒಂಬತ್ತು ವರ್ಷವಾಗಿತ್ತು. ಮೊದಲ ದಿನ ಪ್ರಾಕ್ಟೀಸಿಗೆ ಚೂಡಿದಾರದಲ್ಲೇ ಬಂದಳು, ದುಪ್ಪಟ್ಟಾವನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿ ನಿಂತಳು. ಅವಳು ಎಸೆದ ಮೊದಲ ಚೆಂಡು ನನ್ನ ಅಂಗೈಗೆ ಬಡಿದು ಕೈ ಜುಮ್ಮೆಂದಿತು. ಅವಳು ಹಿಂದಿನ ಗೆರೆಯಿಂದ ಸರ್ವ್ ಮಾಡಿದರೆ ಎದುರಿನವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ನೀನು ಹಿಡೀತೀಯಾ ನಾನು ಹಿಡೀಲಾ ಎಂದು.

ಬುಧವಾರ ಇಲ್ಲಿನ ಶಾಲೆಗಳು ಮಧ್ಯಾಹ್ನಕ್ಕೇ ಬಿಡುತ್ತವೆ. ಅವಳ ಮಗಳು, ನನ್ನ ಮಗ ಒಂದೇ ಶಾಲೆ. ನಾನು ಸ್ಲೋಟರ್‌ಡೈಕ್‌ನ ಆಫೀಸಿನಲ್ಲಿ ಸಿಕ್ಕಿಕೊಂಡಿರುತ್ತೇನೆಂದು ಒಂದೂವರೆ ವರ್ಷದಿಂದ ಪ್ರತಿ ಬುಧವಾರ ಅವಳೇ ಇಬ್ಬರನ್ನೂ ಕರೆತಂದು, ರೊಟ್ಟಿ ಪಲ್ಯ ತಿನ್ನಿಸಿ, ಸಂಜೆವರೆಗೆ ನೋಡಿಕೊಳ್ಳುತ್ತಿದ್ದಳು. ನಾನು ಸಂಜೆ ಹೋಗಿ ಅವಳ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಸ್ಟೀಲ್ ಲೋಟದಲ್ಲಿ ಚಹಾ ಕುಡಿದು, ಆಫೀಸಿನವರನ್ನೆಲ್ಲ ಬೈದು, ಮಗನನ್ನು ಎಳೆದುಕೊಂಡು ಮೇಲೆ ಬರುತ್ತಿದ್ದೆ.

ಹಾಗೆ ನಿಂತಿದ್ದಾಗಲೇ ಒಂದು ಬುಧವಾರ ಹೇಳಿದಳು. ಗಂಡನ ಕಾಂಟ್ರ್ಯಾಕ್ಟು ಜೂನಿಗೆ ಮುಗಿಯುತ್ತದೆ, ಮುಂದುವರಿಯುವುದಿಲ್ಲ, ವಾಪಸ್ಸು ಹೋಗುವುದೇ.

"ಅಲ್ಲಿ ಹೋದ್ ಮ್ಯಾಲ ಯಾವ ಥ್ರೋಬಾಲು ಅಕ್ಕಾ," ಎಂದಳು. "ಅತ್ತಿ ಮಾವ, ಮನಿ, ಬಂದ್ ಹೋಗೋ ಮಂದಿ. ಇದೇ ಕೊನೀದು ನಂದು. ನಮ್ ಮನ್ಯಾಗಿನವ್ರು ಒಂದ್ ಸಲಾನೂ ನೋಡ್ಲಾಕ ಬಂದಿಲ್ಲ. ಐತವಾರ ಅಂದ್ರ ಅವ್ರಿಗಿ ಕ್ರಿಕೆಟ್ಟು. ಫೈನಲ್ಲಿಗಿ ಬಂದ್ರ ಬರ್ತೀನಿ ಅಂದಾರ, ಮಗಳನ್ನೂ ಕರ್ಕೊಂಡು. ನನ್ ಮಗಳಿಗಿ ಅವ್ವ ಅಂದ್ರ ಡಚ್ ಬರಲಾರದಾಕಿ, ಡಬ್ಬಿ ಕಟ್ಟಾಕಿ, ಅಷ್ಟ. ಆಕಿ ಒಂದ್ ಸಲ ನೋಡ್ಬೇಕು ನಾ ಏನದೀನಿ ಅಂತ."

"ನೋಡ್ತಾಳೆ ಬಿಡೇ, ಫೈನಲ್ ನಮ್ದೇ," ಎಂದೆ. ನನ್ನ ಬಾಯಿಗೇನು, ಬಾಡಿಗೆಯೇ?

ಡಿಸೆಂಬರಿನಲ್ಲಿ, ಒಂದು ಚೆಂಡೂ ಎಸೆಯುವ ಮೊದಲು, ಮೊದಲ ಪಟ್ಟಿ ಬಂತು. ಬಾಡ್‌ಹೂವೆಡಾರ್ಪ್ ಒಂದು, ಜೌಡ್ಆಸ್ ಎರಡು, ಡೀಮೆನ್ ಆರು. ಅವೆರಡೂ ಏಕೆ ಮೇಲೆ? ಹೋದ ವರ್ಷ ಕೆಲವೇ ತಂಡಗಳಿದ್ದಾಗ ಮೇಲಿದ್ದರು, ಅದಕ್ಕೆ. ನಾವೇಕೆ ಆರು? ನಮ್ಮನ್ನು ಯಾರೂ ನೋಡಿರಲಿಲ್ಲ, ಅದಕ್ಕೆ. ಸರಿ, ಅಲ್ಲಿಯವರೆಗೆ ನನಗೆ ಸಿಟ್ಟಿರಲಿಲ್ಲ.

ಜನವರಿಯಲ್ಲಿ ಓದುವ ಹುಡುಗಿಯರ ತಂಡವನ್ನು ಸೋಲಿಸಿದೆವು. ಆರರಿಂದ ಐದಕ್ಕೆ ಬಂದೆವು. ಫೆಬ್ರವರಿಯಲ್ಲಿ ಜೌಡ್ಆಸ್‌ನವರ ಜೊತೆ ಆಟ. ಅವರು ಹೊಸ ಜೆರ್ಸಿ ಹೊಲಿಸಿಕೊಂಡು, ಬೆನ್ನ ಮೇಲೆ ನಂಬರ್ ಹಾಕಿಸಿಕೊಂಡು ಬಂದಿದ್ದರು. ಎರಡೇ ಸೆಟ್ಟಿನಲ್ಲಿ ಮುಗಿಸಿದೆವು. ಎರಡನೆಯ ಸೆಟ್ಟಿನಲ್ಲಿ ಕಲಬುರಗಿಯವಳು ಒಂದೇ ಸಮ ಏಳು ಸರ್ವ್ ಹಾಕಿದಳು, ಏಳೂ ಪಾಯಿಂಟು. ಅವರ ಕ್ಯಾಪ್ಟನ್ ನೆಟ್ಟಿನ ಆಚೆಯಿಂದ "ಏನ್ರೀ ಇದು, ಕಲ್ಲು ಎಸೀತೀರಾ?" ಎಂದು ನಕ್ಕಿದ್ದಳು. ಹಾಲಿನಲ್ಲಿ ಅದನ್ನು ನೋಡಿದವರು ಎಷ್ಟು ಜನ? ಆಡುತ್ತಿದ್ದ ಎರಡು ತಂಡದ ಹದಿನಾಲ್ಕು ಜನ, ಮುಂದಿನ ಪಂದ್ಯಕ್ಕೆ ಕಾಯುತ್ತಿದ್ದ ಎರಡು ತಂಡ. ಉಳಿದ ನಾಲ್ಕು ತಂಡದ ವರದಿಗಾರರು ಆ ಭಾನುವಾರ ಅವರವರ ಮನೆಯಲ್ಲಿ ದೋಸೆ ತಿನ್ನುತ್ತಿದ್ದರು.

ಆ ತಿಂಗಳ ಪಟ್ಟಿ ಬಂದಾಗ ಬಾಡ್‌ಹೂವೆಡಾರ್ಪ್ ಒಂದು, ಜೌಡ್ಆಸ್ ಎರಡು, ಡೀಮೆನ್ ಮೂರು.

ನಮ್ಮ ಕೈಯಲ್ಲಿ ಸೋತವರು ನಮ್ಮ ಮೇಲೆ! ಗ್ರೂಪಿನಲ್ಲಿ ಕೇಳಿದೆ. ಒಬ್ಬಳು ಬರೆದಳು, "ಅವತ್ತು ಅವರ ಇಬ್ಬರು ಮೇನ್ ಪ್ಲೇಯರ್ಸ್ ಇರ್ಲಿಲ್ವಂತೆ." ಇನ್ನೊಬ್ಬಳು, "ಒಂದು ಸೋಲಿಗೆ ಅಷ್ಟೊಂದು ಇಳಿಸೋದು ಫೇರ್ ಅಲ್ಲ." ಅಮೆರಿಕದ ಮಹನೀಯರು, "ಅಲ್ಲೂ ಹೀಗೇ ಆಗುತ್ತೆ, ಡಿಬೇಟ್ ಇದ್ರೇನೇ ಮಜಾ," ಎಂದು ಎರಡು ನಗುವ ಮುಖ ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಯಾರ ಮಜಾ? ಗೆದ್ದವಳಿಗೆ ಗೆದ್ದದ್ದೇ ಸಾಕ್ಷಿ ಆಗದಿದ್ದರೆ ಬೆವರು ಸುರಿಸಿ ಆಡುವುದೇಕೆ, ಮನೆಯಲ್ಲೇ ಕೂತು ಪಟ್ಟಿ ಬರೆದುಕೊಳ್ಳಬಹುದಲ್ಲ?

ಆ ವಾರದ ಬುಧವಾರ ಅವಳ ಅಡುಗೆಮನೆಯಲ್ಲಿ ನಿಂತು ಎಲ್ಲರ ಜನ್ಮ ಜಾಲಾಡಿದೆ. ಕಣ್ಣಿಲ್ಲದವರು, ಹೆಸರು ನೋಡಿ ಮಣೆ ಹಾಕುವವರು, ಹೋದ ತಿಂಗಳ ಪಟ್ಟಿಯನ್ನೇ ಕಾಪಿ ಹೊಡೆಯುವವರು ಎಂದೆಲ್ಲ. ಅವಳು ಹಿಟ್ಟು ತಟ್ಟುತ್ತ ಕೇಳಿಸಿಕೊಂಡಳು. "ನೀ ಅದೀಯಲ್ಲ ಅಕ್ಕಾ, ನಮ್ದೊಂದ್ ಓಟ್ ಅದ," ಎಂದಳು.

ನಮ್ಮದೊಂದು ಓಟಿತ್ತು, ನಿಜ. ಆ ಓಟನ್ನು ನಾನು ಹೇಗೆ ಹಾಕುತ್ತಿದ್ದೆ ಎಂದು ಈಗ ಹೇಳುತ್ತೇನೆ.

ಬಾಡ್‌ಹೂವೆಡಾರ್ಪ್ ತಂಡದ ಕ್ಯಾಪ್ಟನ್ನನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದವರು. ನನಗೆ ಮಗ ಹುಟ್ಟಿದಾಗ ಅಮ್ಮನಿಗೆ ವೀಸಾ ಸಿಗದೆ ನಾನು ಒಬ್ಬಳೇ ಒದ್ದಾಡುತ್ತಿದ್ದೆ. ಆಗ ಈ ಅಕ್ಕ ಎರಡು ವಾರ, ಎರಡು ದಿನಕ್ಕೊಮ್ಮೆ ಎರಡು ಬಸ್ಸು ಬದಲಾಯಿಸಿಕೊಂಡು ಬಂದು, ಬಾಣಂತಿ ಸಾರು, ಮೆಂತ್ಯದ ಹಿಟ್ಟು ತಂದುಕೊಟ್ಟಿದ್ದರು. ಅವರ ತಂಡವನ್ನು ಎರಡನೆಯದಾಗಿ ಬರೆಯಲು ನನ್ನ ಹೆಬ್ಬೆರಳೇ ಏಳುತ್ತಿರಲಿಲ್ಲ. ಅವರ ತಂಡವೂ ಸೋತಿರಲಿಲ್ಲ ಅನ್ನಿ, ಆದರೆ ಡ್ರಾ ಎತ್ತಿದಾಗ ಅವರಿಗೆ ಬಂದ ನಾಲ್ಕೂ ತಂಡ ಪಾಪದವು, ನಮ್ಮ ಜೊತೆ ಆಡುವ ಪ್ರಸಂಗವೇ ಬರಲಿಲ್ಲ.

ಜೌಡ್ಆಸ್ ಕ್ಯಾಪ್ಟನ್ನು, ನನ್ನ ಹಿಂದಿನ ಕೆಲಸ ಹೋದಾಗ, ನನ್ನ ಬಯೋಡೇಟಾವನ್ನು ತನ್ನ ಗುರುತಿನವರಿಗೆ ಕಳಿಸಿಕೊಟ್ಟವಳು. ಈಗಿನ ಕೆಲಸ ಸಿಕ್ಕಿದ್ದು ಹಾಗೆ. ಅವಳ ತಂಡವನ್ನು ಸೋಲಿಸಿದ್ದು ಸೋಲಿಸಿಯಾಗಿತ್ತು, ಅದರ ಮೇಲೆ ಪಟ್ಟಿಯಲ್ಲೂ ಕೆಳಗೆ ತುಳಿದರೆ ಏನಂದುಕೊಳ್ಳುತ್ತಾಳೋ ಎಂದು ನನಗೆ ಹಿಂಜರಿಕೆ.

ಮೂರನೆಯದು ನಾವು. ನಮ್ಮ ತಂಡವನ್ನು ನಾವೇ ಮೊದಲು ಎಂದು ಬರೆದುಕೊಳ್ಳುವುದುಂಟೇ? ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವಳು ಮೊದಲು ತನ್ನ ಎಲೆಗೆ ಹಾಕಿಕೊಳ್ಳುವುದುಂಟೇ? ನಾವು ಬೆಳೆದದ್ದೇ ಹಾಗೆ. ಒಳ್ಳೆಯ ಮಾರ್ಕ್ಸ್ ಬಂದರೆ "ಏನೋ ಪಾಸಾಗಿದಾಳೆ" ಎನ್ನಬೇಕು, ಸೀರೆ ಚೆನ್ನಾಗಿದೆ ಎಂದರೆ "ಅಯ್ಯೋ ಹಳೇದು" ಎನ್ನಬೇಕು. ಮೂರು ಎಂಬುದು ಮರ್ಯಾದೆಯ ಜಾಗ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಉಳಿದವರಿಗೆ ಕಣ್ಣಿದ್ದರೆ ಅವರು ನಮ್ಮನ್ನು ಮೇಲೆ ಇಡಲಿ, ನಾವೇ ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ.

ಫೆಬ್ರವರಿಯಿಂದ ಪ್ರತಿ ತಿಂಗಳೂ ನಾನು ಅದನ್ನೇ ಬರೆದೆ. ಹೋದ ತಿಂಗಳ ಪಟ್ಟಿಯನ್ನು ಕಾಪಿ ಹೊಡೆಯುವವರೆಂದು ಇಡೀ ಊರನ್ನು ಬೈದವಳು, ನನ್ನದೇ ಹಳೆಯ ಪಟ್ಟಿ ತೆರೆದು, ಕೆಳಗಿನ ನಾಲ್ಕು ಹೆಸರು ಅಷ್ಟಿಷ್ಟು ಆಚೀಚೆ ಮಾಡಿ, ಕಳಿಸುತ್ತಿದ್ದೆ. ಮನಸ್ಸಿನಲ್ಲಿ ಒಂದು ಸಬೂಬು ಬೇರೆ. ಇದು ಸುಮ್ಮನೆ ತಿಂಗಳ ಪಟ್ಟಿ, ಕೊನೆಯದು ಬಂದಾಗ ನೋಡಿಕೊಂಡರಾಯಿತು.

ಮಾರ್ಚಿನಲ್ಲಿ ಗೆದ್ದೆವು. ಏಪ್ರಿಲ್‌ನಲ್ಲೂ ಗೆದ್ದೆವು, ಆ ಪಂದ್ಯ ಮೂರನೆಯ ಸೆಟ್ಟಿಗೆ ಹೋಗಿ, ಕೊನೆಯ ಪಾಯಿಂಟಿಗೆ ಅವಳು ಬಿದ್ದು, ಮೊಣಕೈ ತರಚಿಕೊಂಡು, ಬಿದ್ದಲ್ಲಿಂದಲೇ ಚೆಂಡು ಹಿಡಿದಳು. ನಾಲ್ಕಕ್ಕೆ ನಾಲ್ಕು. ಸೋಲದ ತಂಡಗಳು ಎರಡೇ, ಬಾಡ್‌ಹೂವೆಡಾರ್ಪ್‌ನವರು, ನಾವು. ಇನ್ನು ಅನುಮಾನ ಏನಿದೆ? ಅವಳು ಮನೆಗೆ ಹೋಗುವ ದಾರಿಯಲ್ಲೇ ಗಂಡನಿಗೆ ಫೋನ್ ಮಾಡಿ, "ಫೈನಲ್ ಅದ, ಆ ಐತವಾರ ನಿಮ್ ಕ್ರಿಕೆಟ್ ಬಿಡ್ರಿ," ಎಂದಳು. ಮಗಳಿಗೂ ಹೇಳಿದಳು.

ಕೊನೆಯ ಪಟ್ಟಿಯನ್ನು ಗುರುವಾರ ಬೆಳಗ್ಗೆ ಒಂಬತ್ತರೊಳಗೆ ಕಳಿಸಬೇಕಿತ್ತು. ಮೆಟ್ರೋ ಕಿಕ್ಕಿರಿದಿತ್ತು, ಒಂಬತ್ತಕ್ಕೆ ನನಗೊಂದು ಮೀಟಿಂಗಿತ್ತು. ಹಳೆಯ ಪಟ್ಟಿ ತೆರೆದೆ. ಡೀಮೆನ್ ಎಂಬ ಹೆಸರಿನ ಮೇಲೆ ಬೆರಳಿಟ್ಟು ಮೇಲಕ್ಕೆ ಎಳೆದೆ, ಎಳೆದದ್ದು ನಿಜ, ಎರಡನೆಯ ಸ್ಥಾನಕ್ಕೆ ಬಂತು. ಜೌಡ್ಆಸ್ ಕೆಳಗಿಳಿಯಿತು. ಆ ತಂಡದ ಕ್ಯಾಪ್ಟನ್ನಿನ ಮುಖ ಕಣ್ಣಮುಂದೆ ಬಂತು. ಹೇಗೂ ಏಳು ಜನ ಇದ್ದಾರೆ, ಸೋಲದ ತಂಡವನ್ನು ಯಾರು ತಾನೇ ಬಿಡುತ್ತಾರೆ, ನಾನೇಕೆ ಸುಮ್ಮನೆ ಕೆಟ್ಟವಳಾಗಬೇಕು ಎನ್ನಿಸಿತು. ಮತ್ತೆ ಮೊದಲಿನ ಹಾಗೇ ಮಾಡಿದೆ. ಕಳಿಸಿದೆ. ಇಳಿದೆ, ಕಾರ್ಡ್ ಒತ್ತಿದೆ, ಓಡಿದೆ.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ಫಲಿತಾಂಶ ಬಂತು. ಬಾಡ್‌ಹೂವೆಡಾರ್ಪ್ ಐವತ್ತೊಂಬತ್ತು. ಜೌಡ್ಆಸ್ ಐವತ್ತು. ಡೀಮೆನ್ ನಲವತ್ತೊಂಬತ್ತು.

ಒಂದು ಪಾಯಿಂಟು. ಗ್ರೂಪಿನಲ್ಲಿ ಬೈಯಲು ಉದ್ದಕ್ಕೆ ಬರೆಯತೊಡಗಿದೆ, ನಾಚಿಕೆ ಆಗಲ್ವಾ ನಿಮಗೆ ಎಂದೇ ಶುರು ಮಾಡಿದ್ದೆ. ಮುಗಿಸುವಷ್ಟರಲ್ಲಿ ಮಹನೀಯರು ತಮ್ಮ ಮಾತಿನಂತೆ ಪೂರ್ತಿ ಶೀಟು ಹಾಕಿದರು. ಎಂಟು ಸಾಲು, ಪ್ರತಿ ಸಾಲಿನ ಮುಂದೆ ತಂಡದ ಹೆಸರು, ಯಾರು ಯಾರನ್ನು ಎಲ್ಲಿ ಇಟ್ಟಿದ್ದಾರೆಂದು ಬಣ್ಣ ಹಾಕಿ ಅಚ್ಚುಕಟ್ಟಾಗಿ.

ನಾಲ್ಕು ಜನ ತಮ್ಮ ತಂಡವನ್ನೇ ಮೊದಲು ಬರೆದುಕೊಂಡಿದ್ದರು. ಅದರಲ್ಲಿ ಇಬ್ಬರ ತಂಡ ಗೆದ್ದದ್ದು ಒಂದೊಂದೇ ಪಂದ್ಯ! ನಾನು ಯಾರ ಮುಖ ನೆನೆದು ಬೆರಳು ಹಿಂದೆ ತೆಗೆದೆನೋ ಆ ಜೌಡ್ಆಸ್ ತಂಡದವರು ನಮ್ಮನ್ನು ಐದನೆಯ ಸ್ಥಾನಕ್ಕೆ ತಳ್ಳಿದ್ದರು. ಸಾರು ತಂದುಕೊಟ್ಟ ಅಕ್ಕನ ತಂಡದ ವರದಿಗಾರ್ತಿ ನಮ್ಮನ್ನು ನಾಲ್ಕಕ್ಕೆ ಇಟ್ಟಿದ್ದಳು. ಎಂಟರಲ್ಲಿ ಒಂದೇ ಒಂದು ಸಾಲಿನಲ್ಲಿ ಡೀಮೆನ್ ಮೊದಲನೆಯದಾಗಿತ್ತು. ಅದು ಓದುವ ಹುಡುಗಿಯರದು. ಜನವರಿಯಲ್ಲಿ ನಮ್ಮ ಕೈಯಲ್ಲಿ ಸೋತವರು. ಆ ಹುಡುಗಿ ತನ್ನ ತಂಡವನ್ನು ಎಂಟನೆಯದಾಗಿ ಬರೆದಿದ್ದಳು, ಏಕೆಂದರೆ ಅವರು ಒಂದೂ ಗೆದ್ದಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದವಳು ಅವಳೊಬ್ಬಳೇ.

ಮೂರನೆಯ ಸಾಲು ಡೀಮೆನ್‌ನದು. ಅಂದರೆ ನನ್ನದು. ಬಾಡ್‌ಹೂವೆಡಾರ್ಪ್, ಜೌಡ್ಆಸ್, ಡೀಮೆನ್.

ಲೆಕ್ಕ ಹಾಕಲು ಕಾಗದವೂ ಬೇಕಿರಲಿಲ್ಲ. ನಾನು ನಮ್ಮನ್ನು ಮೊದಲು ಬರೆಯುವುದೇನು, ಮೆಟ್ರೋದಲ್ಲಿ ಬೆರಳು ಎಳೆದಿದ್ದೆನಲ್ಲ, ಆ ಎರಡನೆಯ ಸ್ಥಾನದಲ್ಲಿ ಬಿಟ್ಟಿದ್ದರೂ ನಾವು ಐವತ್ತು, ಅವರು ನಲವತ್ತೊಂಬತ್ತು. ಬರೆದ ಬೈಗುಳವನ್ನು ಒಂದೊಂದೇ ಅಕ್ಷರ ಅಳಿಸಿದೆ. ನಮ್ಮ ತಂಡದ ಗ್ರೂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಬಾಡ್‌ಹೂವೆಡಾರ್ಪ್ ಅಕ್ಕ ಮಾತ್ರ ನನಗೆ ಬೇರೆಯಾಗಿ ಒಂದು ಸಂದೇಶ ಕಳಿಸಿದರು, "ನಿನ್ನ ದೊಡ್ಡ ಮನಸ್ಸು ಕಣೇ." ಕಪಾಳಕ್ಕೆ ಹೊಡೆದಿದ್ದರೆ ಕಡಿಮೆ ನೋಯುತ್ತಿತ್ತು.

ಫೈನಲ್ ದಿನ ಲೈನ್ ಅಂಪೈರುಗಳು ಬೇಕಾಗಿದ್ದರು. ಆಡದ ತಂಡಗಳಿಂದ ನಾಲ್ಕು ಜನರನ್ನು ಕರೆದರು. ಚೆನ್ನಾಗಿ ಆಟ ಗೊತ್ತಿರುವವರು ಬೇಕು ಎಂದು ಕಲಬುರಗಿಯವಳನ್ನು ಕೇಳಿದರಂತೆ. ಅವಳು ಒಪ್ಪಿಕೊಂಡಳಂತೆ. ನಾನು ವರದಿ ಬರೆಯಬೇಕಾದ್ದರಿಂದ ಹೋಗಲೇಬೇಕಿತ್ತು. ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅವಳ ಗಂಡ, ಮಗಳು ಬಂದು ನನ್ನ ಪಕ್ಕದಲ್ಲೇ ಕೂತರು. ತಾನು ಆಡುತ್ತಿಲ್ಲವೆಂದು ಅವಳು ಹೇಳಿರಲಿಲ್ಲವೋ, ಹೇಳಿಯೂ ಅವರು ಮಾತಿಗೆ ತಪ್ಪಬಾರದೆಂದು ಬಂದಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಅವಳು ಅಂಕಣದ ಮೂಲೆಯಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದಳು. ಚೆಂಡು ಗೆರೆಯ ಆಚೆ ಬಿದ್ದರೆ ಬಾವುಟ ಮೇಲೆತ್ತುವುದು, ಈಚೆ ಬಿದ್ದರೆ ಕೆಳಗೆ ತೋರಿಸುವುದು. ಜೌಡ್ಆಸ್‌ನವರು ಒಂದಾದ ಮೇಲೊಂದು ಸುಲಭದ ಚೆಂಡುಗಳನ್ನು ಕೈಚೆಲ್ಲುತ್ತಿದ್ದರು. ಎರಡೂ ಸೆಟ್ಟು ಸೋತರು. ಅದನ್ನು ಫೈನಲ್ ಎನ್ನಲು ನಾಚಿಕೆಯಾಗಬೇಕು. ಅವಳ ಮಗಳು ಕಾಲಾಡಿಸುತ್ತ ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ನನ್ನ ತೋಳು ಜಗ್ಗಿ ಡಚ್ಚಿನಲ್ಲಿ ಕೇಳಿದಳು, ಅಮ್ಮ ಯಾವಾಗ ಆಡುತ್ತಾಳೆ ಎಂದು.

"ಅವಳು ಇವತ್ತು ಅಂಪೈರ್ ಪುಟ್ಟಾ. ಅದೂ ಮುಖ್ಯವಾದ ಕೆಲಸ," ಎಂದೆ.

ಮಗು ಒಮ್ಮೆ ಬಾವುಟ ನೋಡಿತು, ಒಮ್ಮೆ ನನ್ನ ಮುಖ ನೋಡಿತು. ಆಮೇಲೆ ಅಪ್ಪನ ಫೋನ್ ಇಸಿದುಕೊಂಡಿತು.

ಎಲ್ಲ ಮುಗಿದು, ಫೋಟೋಗಳಾಗಿ, ಕೇಸರಿಬಾತು ಹಂಚಿಯಾದ ಮೇಲೆ ನೆಟ್ ಬಿಚ್ಚಿ ಸುತ್ತುವ ಕೆಲಸ ಇತ್ತು. ಅವಳು ಒಂದು ತುದಿ ಹಿಡಿದಿದ್ದಳು. ನಾನು ಹೋಗಿ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸುತ್ತುತ್ತ ಸುತ್ತುತ್ತ ಹತ್ತಿರ ಬಂದೆವು.

"ಉಳಿದ ಮಂದಿ ಹಾಕ್ಲಿಲ್ಲ, ಹೋಗ್ಲಿ," ಎಂದಳು, ನೆಟ್ಟಿನ ಮೇಲಿಂದ ಕಣ್ಣೆತ್ತದೆ. "ನೀ ಯಾಕ ಹಾಕ್ಲಿಲ್ಲ ಅಕ್ಕಾ?"

"ನಮ್ಮ ಟೀಮ್‌ನ ನಾವೇ ಮೇಲೆ ಹಾಕೋದು ಚೆನ್ನಾಗಿರಲ್ಲ ಅಂತ..."

"ಯಾರಿಗಿ ಚಂದ ಇರಲ್ಲ?"

ನಾನು ನೆಟ್ಟಿನಲ್ಲಿ ಸಿಕ್ಕಿಕೊಂಡಿದ್ದ ಹಗ್ಗವನ್ನು ಬಿಡಿಸತೊಡಗಿದೆ.

"ಆ ಓದೋ ಹುಡುಗಿ ನಮ್ ಕೈಯಾಗ ಸೋತಾಕಿ," ಎಂದಳು. "ಆಕಿ ಒಂದೇ ಸಲ ನೋಡ್ಯಾಳ ನಮ್ ಆಟ. ನೀ ನನ್ ಬಾಜೂನೇ ನಿಂತು ಆಡೀದಿ, ನಾಕೂ ಮ್ಯಾಚು."

ನೆಟ್ಟನ್ನು ನನ್ನ ಕೈಗೆ ಕೊಟ್ಟು ಹೋದಳು. ಅದನ್ನು ಚೀಲಕ್ಕೆ ತುಂಬುವಾಗ ಹೊಳೆದದ್ದು ಇದು. ಎರಡು ವಾರದ ಸಾರನ್ನು ಆರು ವರ್ಷ ನೆನಪಿಟ್ಟುಕೊಂಡಿದ್ದೆ. ಒಂದು ಬಯೋಡೇಟಾ ಮುಂದಕ್ಕೆ ಕಳಿಸಿದ್ದನ್ನು ನೆನಪಿಟ್ಟುಕೊಂಡಿದ್ದೆ. ಒಂದೂವರೆ ವರ್ಷ ಪ್ರತಿ ಬುಧವಾರ ನನ್ನ ಮಗನಿಗೆ ರೊಟ್ಟಿ ಹಾಕಿದವಳ ಉಪಕಾರ ಮಾತ್ರ ನನಗೆ ಉಪಕಾರ ಅನ್ನಿಸಿರಲೇ ಇಲ್ಲ. ಅವಳು ನಮ್ಮವಳಲ್ಲವೇ, ಅವಳ ಬಳಿ ಎಂಥ ಮುಲಾಜು? ದಾಕ್ಷಿಣ್ಯವೆಲ್ಲ ದೂರದವರಿಗೆ. ಹತ್ತಿರದವರ ಹೊಟ್ಟೆಯ ಮೇಲೆ ಹೊಡೆದು ದೂರದವರಿಂದ ದೊಡ್ಡ ಮನಸ್ಸಿನವಳು ಅನ್ನಿಸಿಕೊಳ್ಳುವುದು.

ಮುಂದಿನ ಬುಧವಾರ ಆಫೀಸಿನಲ್ಲಿ ಕೂತು ಮಧ್ಯಾಹ್ನವಾಗುವುದನ್ನೇ ಕಾದೆ. ಇವತ್ತು ಆಗಲ್ಲ ಎಂದು ಫೋನ್ ಬರುತ್ತದೆ, ಬರಲಿ, ಬಂದರೆ ನನಗೂ ಒಂದಿಷ್ಟು ಹಗುರಾಗುತ್ತದೆ ಎಂದುಕೊಂಡೆ. ಬರಲಿಲ್ಲ. ಎಂದಿನಂತೆ ಅವಳೇ ಮಗನನ್ನು ಕರೆತಂದಳು, ರೊಟ್ಟಿ ತಿನ್ನಿಸಿದಳು. ಜೂನ್ ಮುಗಿಯುವವರೆಗೆ ಒಂದು ಬುಧವಾರವನ್ನೂ ತಪ್ಪಿಸಲಿಲ್ಲ. ಸಂಜೆ ನಾನು ಹೋಗುವಷ್ಟರಲ್ಲಿ ಮಗನಿಗೆ ಶೂ ಹಾಕಿಸಿ ಬಾಗಿಲಲ್ಲೇ ನಿಲ್ಲಿಸಿರುತ್ತಿದ್ದಳು.

ಅವರು ಹೊರಡುವ ವಾರ ಅರ್ಧ ದಿನ ರಜೆ ಹಾಕಿ ಅವಳ ಮನೆಗೆ ಹೋದೆ. ಸೂಟ್‌ಕೇಸುಗಳು ಹಾಲಿನ ತುಂಬ ಬಾಯಿ ತೆರೆದುಕೊಂಡಿದ್ದವು. "ತಪ್ಪಾಯ್ತು ಕಣೇ, ದೊಡ್ಡ ತಪ್ಪಾಯ್ತು," ಎಂದೆ. ಅವಳು ಒಂದೆರಡು ಮಾತು ಅನ್ನಲಿ, ಬೈದುಬಿಡಲಿ ಎಂದೇ ಹೋಗಿದ್ದೆ.

"ಅಯ್ಯ, ಅದ್ಯಾಕ ಮನಸ್ಸಿಗಿ ಹಚ್ಕೋತೀರಿ," ಎಂದಳು ಅವಳು. "ಆಟದಾಗ ಇದೆಲ್ಲ ಇರೋದೇ. ನಿಮ್ಮಿಂದ ನಮಗ ಭಾಳ ಉಪಕಾರ ಆಗ್ಯದ ಇಲ್ಲಿ. ಕೂಡ್ರಿ, ಚಹಾ ತರ್ತೀನಿ."

ನಾನು ಅಡುಗೆಮನೆಯ ಕಡೆ ಹೊರಟೆ. "ಅಲ್ಲ್ಯಾಕ, ಇಲ್ಲೇ ಕೂಡ್ರಿ," ಎಂದು ಸೋಫಾದ ಮೇಲಿನ ಬಟ್ಟೆಗಳನ್ನು ಸರಿಸಿ ಜಾಗ ಮಾಡಿದಳು. ಆಗಲೇ ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದ್ದ ಪಿಂಗಾಣಿ ಕಪ್ಪು ಸಾಸರುಗಳನ್ನು ಹುಡುಕಿ ಬಿಚ್ಚಿ ತೊಳೆದಳು. ಸ್ಟೀಲ್ ಲೋಟಗಳು ಕಟ್ಟೆಯ ಮೇಲೆ ಹೊರಗೇ ಇದ್ದವು, ನನಗೆ ಕಾಣುತ್ತಿದ್ದವು. ಬಂದವರಿಗೆ ಕೊಡುವ ಹಾಗೆ ಟ್ರೇಯಲ್ಲಿ ಚಹಾ ಇಟ್ಟು, ಪಕ್ಕದಲ್ಲಿ ಎರಡು ಬಿಸ್ಕತ್ತು ಇಟ್ಟು, ತಂದು ನನ್ನ ಮುಂದೆ ಹಿಡಿದಳು.

"ಸಕ್ರಿ ಸಾಕಾ ನೋಡ್ರಿ," ಎಂದಳು.